ಎರಡು ಸಿಲಿಂಡರಿನ ದೊಡ್ಡ ಗಾಡಿ

ಮದುವೆಯಾಗಿ ಕಂಪ್ಲಿಗೆ ಬಂದ ಹೊಸದರಲ್ಲಿ, ಮನೆಯ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಇನ್ನೂ ತಿಳಿಯುವ ಮೊದಲೇ, ನನ್ನ ಗಂಡ ನನ್ನನ್ನು ನಮ್ಮ ರೈಸ್‌ಮಿಲ್ಲಿನ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋಗಿ ದೊಡ್ಡ ಗಾಡಿಯನ್ನು ತೋರಿಸಿದರು. ಮನೆಯಲ್ಲಿ ಒಂದು ಸ್ಕೂಟರೂ ಇತ್ತು. ಅದು ಬರೀ ಸ್ಕೂಟರು. ಇದು ಮಾತ್ರ ಎಲ್ಲರ ಬಾಯಲ್ಲೂ ದೊಡ್ಡ ಗಾಡಿ. ಹೊಟ್ಟಿನ ಧೂಳು ಕೂರದಿರಲೆಂದು ಅದಕ್ಕೆ ಮಾವನವರ ಹಳೆಯ ಧೋತರವೊಂದನ್ನು ಹೊದಿಸಿದ್ದರು. ಅದನ್ನು ಸರಿಸಿ ಇವರು ಬದಿಗೆ ನಿಂತರು. ಹೆಣ್ಣು ತೋರಿಸುವ ಮನೆಯಲ್ಲಿ ಹುಡುಗಿಯ ಅಪ್ಪ ನಿಲ್ಲುತ್ತಾನಲ್ಲ, ಹಾಗೆ.

ಅದು ಇಂಗ್ಲೆಂಡಿನಲ್ಲಿ ತಯಾರಾದ ಮೋಟಾರ್‌ಸೈಕಲ್ಲು. ತುಂಗಭದ್ರಾ ಡ್ಯಾಂ ಕಟ್ಟುವ ಕಾಲಕ್ಕೆ ಹೊಸಪೇಟೆಯಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ನಮ್ಮ ಮಾವನವರಿಗೆ ಕೊಟ್ಟುಹೋಗಿದ್ದರಂತೆ. ಆಗಲೇ ಅದಕ್ಕೆ ವಯಸ್ಸಾಗಿತ್ತು. ದೂರದ ಪ್ರಯಾಣಕ್ಕೆಂದೇ ಮಾಡಿದ್ದು ಎಂಬುದು ಅದರ ಮೈಕಟ್ಟು ನೋಡಿದರೇ ಗೊತ್ತಾಗುತ್ತಿತ್ತು. ಉದ್ದನೆಯ, ತಗ್ಗಾದ ಚೌಕಟ್ಟು. ಹ್ಯಾಂಡಲ್ಲು ಎಮ್ಮೆಯ ಕೊಂಬಿನ ಹಾಗೆ ಹಿಂದಕ್ಕೆ ಬಾಗಿ ಸವಾರನ ಹೊಟ್ಟೆಯ ತನಕ ಬರುತ್ತಿತ್ತು. ಮುಂದಕ್ಕೆ ಬಗ್ಗದೆ, ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂತು ಓಡಿಸಬೇಕು. ಕಾಲಿಡಲು ಅಗಲವಾದ ಹಲಗೆಗಳು. ಕೆಸರು ಸಿಡಿಯದಂತೆ ಆಳವಾದ ಮಡ್‌ಗಾರ್ಡು. ಮುಂದಿನ ಚಕ್ರಕ್ಕೆ ದೊಡ್ಡದೊಂದು ಸ್ಪ್ರಿಂಗ್ ಇತ್ತು, ಹಿಂದಿನದಕ್ಕೆ ಏನೂ ಇಲ್ಲ. ಗುಂಡಿಗೆ ಬಿದ್ದಾಗ ಸವಾರನ ಸೊಂಟ ಕಾಯುವುದು ಸೀಟಿನ ಕೆಳಗಿನ ಸುರುಳಿ ಸ್ಪ್ರಿಂಗುಗಳ ಕೆಲಸ. ಚಪ್ಪಟೆ ಟ್ಯಾಂಕಿನ ಕೆಳಗೆ ಎರಡು ಸಿಲಿಂಡರುಗಳು, ಎರಡು ಬೆರಳು ಅಗಲಿಸಿ ಹಿಡಿದ ಹಾಗೆ, ಒಂದು ಮುಂದಕ್ಕೆ ಒಂದು ಹಿಂದಕ್ಕೆ ವಾಲಿ ನಿಂತಿದ್ದವು. ಎಡಗಡೆಗೆ ಜೋಡಿಸಿದ, ಒಬ್ಬರು ಕೂರುವ ಸೈಡ್‌ಕಾರು. ಅದನ್ನು ಮನೆಯಲ್ಲಿ ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು.

“ತೊಟ್ಟಿಲಾಗ ಕುಂದ್ರು,” ಎಂದರು ಇವರು.

ಕೂತೆ. ಆಮೇಲೆ ವರ್ಷಗಟ್ಟಲೆ ನನ್ನ ಜಾಗ ಅದೇ ಆಯಿತು.

ಆ ಗಾಡಿಯನ್ನು ಓಡಿಸುವುದೆಂದರೆ ಎರಡೂ ಕೈಗೆ ಬಿಡುವಿಲ್ಲದ ಕೆಲಸ. ಈಗಿನ ಬೈಕುಗಳಲ್ಲಿ ಬಲಗೈ ಹಿಡಿ ತಿರುಗಿಸಿದರೆ ವೇಗ, ಬಿಟ್ಟರೆ ಅದು ತಾನೇ ಹಿಂದಕ್ಕೆ ಬರುತ್ತದೆ. ಇದರಲ್ಲಿ ತಿರುಗಿಸುವ ಹಿಡಿಯೇ ಇರಲಿಲ್ಲ. ಬಲಗೈ ಹೆಬ್ಬೆರಳಿಗೆ ಸಿಗುವಂತೆ ಒಂದರ ಮೇಲೊಂದು ಎರಡು ಪುಟ್ಟ ಲಿವರ್‌ಗಳು: ಒಂದು ಪೆಟ್ರೋಲಿಗೆ, ಇನ್ನೊಂದು ಗಾಳಿಗೆ. ಎಲ್ಲಿ ಇಟ್ಟರೆ ಅಲ್ಲೇ ನಿಲ್ಲುತ್ತವೆ, ಕೂದಲೆಳೆಯಷ್ಟು ಸರಿದರೂ ಎಂಜಿನ್ನಿನ ದನಿ ಬೇರೆಯಾಗುತ್ತದೆ. ಎಡಗೈಗೆ ಇನ್ನೊಂದು ಲಿವರ್, ಪ್ಲಗ್ಗಿನ ಕಿಡಿ ಬೇಗ ಹಾರಬೇಕೋ ತಡವಾಗಿ ಹಾರಬೇಕೋ ಎಂದು ಹೇಳುವುದಕ್ಕೆ. ಅದನ್ನು ಮರೆತು ಕಿಕ್ ಹೊಡೆದರೆ ಎಂಜಿನ್ನು ತಿರುಗಿ ಒದೆಯುತ್ತದೆ. ಮಾವನವರ ಬಲಗಾಲು ಒಮ್ಮೆ ಹಾಗೇ ಮುರಿದಿತ್ತು. ಗೇರು ಹಾಕಲು ಕಾಲಲ್ಲ, ಟ್ಯಾಂಕಿನ ಬಲಕ್ಕೆ ನಿಂತ ಉದ್ದನೆಯ ಹಿಡಿ.

ಎಲ್ಲಕ್ಕಿಂತ ವಿಚಿತ್ರವಾದದ್ದು ಎಣ್ಣೆಯ ಲೆಕ್ಕ. ಟ್ಯಾಂಕಿನ ಒಂದು ಭಾಗದಲ್ಲಿ ಎಂಜಿನ್ ಆಯಿಲ್ ಇರುತ್ತಿತ್ತು. ಎಡಬದಿಯ ಕೈಪಂಪನ್ನು ಒತ್ತಿದರೆ ಅದು ಒಂದು ಗಾಜಿನ ಕಣ್ಣಿನೊಳಗೆ ಹನಿಹನಿಯಾಗಿ ಬಿದ್ದು ಎಂಜಿನ್ನಿಗೆ ಇಳಿಯುತ್ತದೆ. ಇಳಿದದ್ದು ವಾಪಸ್ ಬರುವುದಿಲ್ಲ. ಅರ್ಧ ಸುಟ್ಟು ಹೊಗೆಯಾಗುತ್ತದೆ, ಉಳಿದದ್ದು ದಾರಿಗೆ ತೊಟ್ಟಿಕ್ಕುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಯಾರಾದರೂ ಪಂಪು ಒತ್ತುತ್ತಲೇ ಇರಬೇಕು, ಏರು ಬಂದರೆ ಇನ್ನೊಂದಿಷ್ಟು. ತೊಟ್ಟಿಲಲ್ಲಿ ಕೂತವಳಿಗೆ ಅದು ಕೈಗೆಟಕುತ್ತಿತ್ತು. ಹೀಗೆ ಎಣ್ಣೆಯ ಕೆಲಸ ನನ್ನದಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಪಿಸ್ಟನ್, ಘರ್ಷಣೆ, ಶಾಖ ಎಂದು ಬೋರ್ಡಿನ ಮೇಲೆ ಬರೆಯುವುದು ಬೇರೆ, ಗಾಜಿನೊಳಗೆ ಬೀಳುವ ಹನಿ ನೋಡುತ್ತಾ ಕಮಲಾಪುರದ ತನಕ ಕೂತಿರುವುದು ಬೇರೆ.

ಭಾನುವಾರ ಹಂಪಿಗೆ ಹೋಗುತ್ತಿದ್ದೆವು. ಗುಡಿ ನೋಡಲು ಬಂದ ವಿದೇಶದವರು ಗುಡಿಗೆ ಬೆನ್ನು ಮಾಡಿ ನಮ್ಮ ಗಾಡಿಯ ಫೋಟೋ ತೆಗೆಯುತ್ತಿದ್ದರು. ವರ್ಷಕ್ಕೆರಡು ಸಲ ಸಂಡೂರಿಗೆ, ಇವರ ಅಕ್ಕನ ಮನೆಗೆ. ಆಕೆ ಚಿಕ್ಕವಳಿದ್ದಾಗ ಅಪ್ಪನ ಜೊತೆ ಅದೇ ತೊಟ್ಟಿಲಲ್ಲಿ ಕೂತು ಕಂಪ್ಲಿ ಸಂತೆಗೆ ಹೋಗುತ್ತಿದ್ದವಳು. ಗಾಡಿಯ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ಹೊರಗೆ ಬಂದು ನಿಲ್ಲುತ್ತಿದ್ದಳು. ಊಟಕ್ಕೆ ಮೊದಲು ಇವರು ಆಕೆಯನ್ನು ಕೂರಿಸಿಕೊಂಡು ಸಂಡೂರಿನ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬರಬೇಕು. ಅದು ತಪ್ಪುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಗಳಾದ ಮೇಲೆ ಆ ದಾರಿ ನಮ್ಮ ಕೈ ತಪ್ಪಿತು. ಸಂಡೂರು ಗುಡ್ಡಗಳ ಕಬ್ಬಿಣದ ಅದಿರಿಗೆ ಬೆಲೆ ಬಂತು, ಲಾರಿಗಳು ಬಂದವು. ನಮ್ಮ ಮಿಲ್ಲಿಗೆ ಭತ್ತ ಹೊರುತ್ತಿದ್ದ ಲಾರಿಗಳೂ ಮೈನ್ಸ್ ಕಡೆಗೆ ಹೋದವು. ಹೊಸಪೇಟೆಯಿಂದ ಸಂಡೂರಿನವರೆಗೆ ರಸ್ತೆ, ರಸ್ತೆಯ ಬದಿಯ ಬೇವಿನ ಮರ, ಬಸ್ಸಿಗೆ ಕಾಯುವ ಜನರ ರೆಪ್ಪೆ, ಎಲ್ಲ ಒಂದೇ ಕೆಂಪು ಬಣ್ಣ. ಶಾಲೆಯಲ್ಲಿ ಸಂಡೂರಿನ ಹತ್ತಿರದ ಯಶವಂತನಗರದ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ತಮ್ಮ ಬಿಳಿ ಸೀರೆಗಳನ್ನೆಲ್ಲ ತಂಗಿಗೆ ಕೊಟ್ಟುಬಿಟ್ಟೆ ಎನ್ನುತ್ತಿದ್ದರು.

ನಮ್ಮ ಗಾಡಿಗೆ ಅದು ಸೀರೆಯ ಬಣ್ಣದ ವಿಷಯವಾಗಿರಲಿಲ್ಲ. ಅದನ್ನು ಮಾಡಿದ ಕಾಲದಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ಜಾಲರಿಯನ್ನೋ ಫಿಲ್ಟರನ್ನೋ ಹಾಕುತ್ತಿರಲಿಲ್ಲ. ಬಾಯಿ ತೆರೆದುಕೊಂಡೇ ಇರುತ್ತಿತ್ತು. ಹೊರಗಿನ ಗಾಳಿ ಹೇಗಿದೆಯೋ ಹಾಗೇ ಒಳಗೆ ಹೋಗುತ್ತದೆ. ಎತ್ತಿನ ಬಂಡಿಯ ಧೂಳನ್ನು ಅದು ಹೇಗೋ ತಡೆದುಕೊಂಡಿತ್ತು; ಈ ಧೂಳು ಕಬ್ಬಿಣದ್ದು. ಪಿಸ್ಟನ್ನು ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಸಿಲಿಂಡರಿನ ಗೋಡೆಯನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಇವರಿಗೆ ಅದು ಗೊತ್ತಿತ್ತು. ನನ್ನ ಹಳೆಯ ವಾಯಲ್ ಸೀರೆಯ ತುಂಡನ್ನು ಕಾರ್ಬೊರೇಟರಿನ ಬಾಯಿಗೆ ಕಟ್ಟಿ ನೋಡಿದರು. ಎಂಜಿನ್ನಿಗೆ ಉಸಿರು ಕಟ್ಟಿತು. ಬಿಚ್ಚಿದರು.

ಅದೇ ವರ್ಷ ಗಾಡಿಗೆ ಹೊಸ ಕಾಯಿಲೆ ಬಂತು ಎಂದು ನಾವು ತಿಳಿದೆವು. ನಿಂತಲ್ಲಿ ಓಡುವಾಗ ಎಂಜಿನ್ನು ಒಂದೇ ಸಮ ಇರುತ್ತಿರಲಿಲ್ಲ. ಏರುವುದು, ಇಳಿಯುವುದು, ಏರುವುದು. ಇವರು ಕಾರ್ಬೊರೇಟರ್ ಬಿಚ್ಚಿದರು. ಅದರೊಳಗಿನ ಸಣ್ಣ ತೂತಿನ ಜೆಟ್ಟನ್ನು ಹಂಚಿಕಡ್ಡಿಯಿಂದ ಸ್ವಚ್ಛ ಮಾಡಿದರು. ಮ್ಯಾಗ್ನೆಟೊದ ಪಾಯಿಂಟ್ ಉಜ್ಜಿದರು. ಆ ಗಾಡಿಗೆ ಬ್ಯಾಟರಿ ಇಲ್ಲ, ಕಿಡಿ ಹುಟ್ಟಿಸುವುದು ಎಂಜಿನ್ ಜೊತೆಗೇ ತಿರುಗುವ ಆ ಮ್ಯಾಗ್ನೆಟೊ. ಲಿವರಿನ ಕೇಬಲ್ ಬದಲಿಸಿದರು. ಹೊಸಪೇಟೆಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ, “ನನಗೇನೂ ತಿಳಿವಲ್ದು ಸಾರ್,” ಎಂದು ಚಹಾ ಕುಡಿದು ಹೋದ. ಬೇಸಿಗೆ ರಜೆಯೆಲ್ಲ ಶೆಡ್ಡಿನಲ್ಲೇ ಕಳೆಯಿತು. ಬಿಚ್ಚುವುದು, ಕೂಡಿಸುವುದು, ಕಿಕ್ ಹೊಡೆಯುವುದು, ಮತ್ತೆ ಅದೇ ಏರಿಳಿತ.

ಒಂದು ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದೆ. ಗಾಡಿ ನಿಂತಲ್ಲೇ ಓಡುತ್ತಿತ್ತು. ಇವರು ಬಲಗೈ ಲಿವರಿನ ಮೇಲಿಟ್ಟು, ಕಿವಿಯನ್ನು ಎಂಜಿನ್ನಿನ ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಕೇಳುವ ಬದಲು ನೋಡಿದೆ. ಹೆಬ್ಬೆರಳು ಲಿವರಿನ ಮೇಲೆ ಸಣ್ಣಗೆ, ಬಿಡದೆ, ಕುಣಿಯುತ್ತಿತ್ತು. ಬೆರಳು ಮುಂದೆ ಹೋದರೆ ದನಿ ಏರುತ್ತಿತ್ತು. ಹಿಂದೆ ಬಂದರೆ ಇಳಿಯುತ್ತಿತ್ತು.

“ಸ್ವಲ್ಪ ಕೈ ತೆಗೀರಿ,” ಎಂದೆ. “ಲಿವರ್ ನಾನು ಹಿಡೀತೀನಿ.”

“ಯಾಕ? ನಿನಗೇನು ಗೊತ್ತಾಗ್ತೈತಿ?”

“ಸುಮ್ನ ತೆಗೀರಿ.”

ತೆಗೆದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು ಲಿವರಿನ ಮೇಲೆ ಹೆಬ್ಬೆರಳಿಟ್ಟೆ. ಎಂಜಿನ್ನು ಒಂದೆರಡು ಸಲ ತಡವರಿಸಿ ಒಂದೇ ದನಿಗೆ ನಿಂತಿತು. ಗಡಿಯಾರದ ಹಾಗೆ. ಇವರು ಕಣ್ಣು ತೆರೆದು ಮೊದಲು ಎಂಜಿನ್ನನ್ನು ನೋಡಿದರು, ಆಮೇಲೆ ನನ್ನ ಕೈ, ಆಮೇಲೆ ತಮ್ಮ ಕೈ. ಆ ಕೈ ಆಗಲೂ, ಏನನ್ನೂ ಹಿಡಿಯದೆ, ತನ್ನ ಪಾಡಿಗೆ ತಾನು ನಡುಗುತ್ತಿತ್ತು.

“ಗಾಡಿ ಸರಿ ಐತಿ,” ಎಂದರು. ಎಂಜಿನ್ ಆಫ್ ಮಾಡಿದರು. “ಹಂಗಾದ್ರ ಇದು ಗಾಡೀದಲ್ಲ,” ಎಂದರು.

ಬಳ್ಳಾರಿಯ ಡಾಕ್ಟರು ಇವರನ್ನು ಕೋಣೆಯಲ್ಲಿ ನಡೆಸಿ ನೋಡಿದರು, ಅಂಗಿಯ ಗುಂಡಿ ಹಾಕಿಸಿ ನೋಡಿದರು, ಹೆಸರು ಬರೆಸಿ ನೋಡಿದರು. ಇದು ನಡುಕದ ಕಾಯಿಲೆ, ಮಿದುಳಿನದ್ದು ಎಂದರು. ಗುಳಿಗೆ ತೆಗೆದುಕೊಂಡರೆ ಕೆಲವು ಗಂಟೆ ಕೈ ಹಿಡಿತಕ್ಕೆ ಬರುತ್ತದೆ, ಅದರ ಬಲ ಇಳಿದಾಗ ಮತ್ತೆ ಶುರು. “ವಾಸಿ ಆಗ್ತದಾ?” ಎಂದು ನಾನು ಕೇಳಿದ್ದಕ್ಕೆ, “ಮುಂದೆ ಹೋಗೋದನ್ನು ತಡ ಮಾಡಬಹುದು ಅಷ್ಟೇ, ಮೇಡಂ,” ಎಂದರು. ಒಳ್ಳೆಯ ಮನುಷ್ಯ. ಸುಳ್ಳು ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ತೋರಣಗಲ್ಲಿನ ಕಾರ್ಖಾನೆಯ ಶಿಫ್ಟು ಬಿಟ್ಟು ಜನ ಹತ್ತಿದರು, ನಿಲ್ಲಲು ಜಾಗವಿರಲಿಲ್ಲ. ಆ ಗದ್ದಲದಲ್ಲಿ ನನಗೆ ಇವರ ಕಡೆ ತಿರುಗಿ ಏನಾದರೂ ಹೇಳಬೇಕಾದ ಕಷ್ಟ ತಪ್ಪಿತು.

ಎರಡು ತಿಂಗಳು ಗಾಡಿಯ ಮಾತೆತ್ತಲಿಲ್ಲ. ಶ್ರಾವಣ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಹೇಳಿದರು, “ಒಂದ್ಸಲ ಸಂಡೂರಿಗೆ ಹೋಗಿ ಬರೋಣು. ಅಕ್ಕನ್ನ ಒಂದು ಸುತ್ತು ಕೂಡಿಸ್ಕೊಂಡು ಬರ್ತೀನಿ. ಆಮ್ಯಾಲೆ ಸಾಕು.”

“ಬಸ್ಸಿಗೆ ಹೋಗೋಣ್ರಿ. ರಸ್ತೆ ಹೆಂಗೈತಿ ಗೊತ್ತಲ್ಲ.”

“ಗುಳಿಗಿ ತಗೊಂಡು ಹೊಂಡೋಣು. ಮಧ್ಯಾಹ್ನದ ತನಕ ಕೈ ಕೇಳ್ತೈತಿ. ಊಟದ ಹೊತ್ತಿಗೆ ಅಲ್ಲಿರ್ತೀವಿ.”

ಅವರ ಲೆಕ್ಕ ಸರಿಯಿತ್ತು. ಕಂಪ್ಲಿಯಿಂದ ಹೊಸಪೇಟೆಯ ತನಕ ಗಾಡಿ ಎಂದಿನ ಹಾಗೆ ಓಡಿತು. ದರೋಜಿ ಕಡೆಯ ಗುಡ್ಡಗಳ ಮೇಲೆ ಮೋಡವಿತ್ತು, ಕಾಲುವೆಯ ಬದಿಯ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ನಾನು ಪಂಪು ಒತ್ತುತ್ತಾ ಗಾಜಿನೊಳಗಿನ ಹನಿಯನ್ನೂ ಅವರ ಹೆಬ್ಬೆರಳನ್ನೂ ಸರದಿಯ ಮೇಲೆ ನೋಡುತ್ತಿದ್ದೆ. ಹೆಬ್ಬೆರಳು ಅಲುಗಲಿಲ್ಲ. ಹೊಸಪೇಟೆ ದಾಟುವಾಗ ಇವರು ನನ್ನ ಕಡೆ ನೋಡಿ ನಕ್ಕರು.

ಸಂಡೂರಿನ ದಾರಿಯಲ್ಲಿ ಗುಡ್ಡ ಶುರುವಾಗುವ ಕಡೆ ಲಾರಿಗಳ ಸಾಲು ನಿಂತಿತ್ತು. ಮುಂದೆ ಎಲ್ಲೋ ಒಂದು ಲಾರಿಯ ಆಕ್ಸಲ್ ಮುರಿದು ಅರ್ಧ ರಸ್ತೆಗೆ ಅಡ್ಡ ನಿಂತಿದೆಯಂತೆ. ಸೈಡ್‌ಕಾರು ಇಲ್ಲದ ಬೈಕುಗಳು ಸಂದಿಯಲ್ಲಿ ನುಗ್ಗಿ ಹೋಗುತ್ತಿದ್ದವು. ನಮ್ಮದು ಬಂಡಿಯಷ್ಟು ಅಗಲ. ನಮ್ಮ ಹಿಂದೆಯೂ ಲಾರಿಗಳು ಬಂದು ನಿಂತವು. ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ.

ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನು ಅದು, ನಿಂತರೆ ಕುದಿಯುತ್ತದೆ. ಆಫ್ ಮಾಡಿದೆವು. ಸಾಲು ನಾಲ್ಕು ಮಾರು ಸರಿದಾಗ ಮತ್ತೆ ಕಿಕ್. ಮತ್ತೆ ಆಫ್. ಮೇಲಿನಿಂದ ಇಳಿಯುವ ತುಂಬಿದ ಲಾರಿಗಳು ನಮ್ಮ ಪಕ್ಕಕ್ಕೇ ಉಜ್ಜಿಕೊಂಡಂತೆ ಹೋಗುತ್ತಿದ್ದವು, ತಾಡಪಾಲಿನ ಅಂಚಿನಿಂದ ಕೆಂಪು ಪುಡಿ ನಮ್ಮ ಮೇಲೆ ಸುರಿಯುತ್ತಿತ್ತು. ಬಿಸಿಲು ನೆತ್ತಿಗೆ ಬಂತು. ಅಷ್ಟರಲ್ಲಿ ಒಂದು ಸಲ ಎಂಜಿನ್ನು ಏಳಲೇ ಇಲ್ಲ.

ಇವರು ಕಿಕ್ ಹೊಡೆದರು. ಎಂದಿನ ಹಾಗೆ ಕಾಲಿಗೆ ಎದುರು ಒತ್ತು ಬರಲಿಲ್ಲ. ಕಾಲು ಸುಮ್ಮನೆ ಕೆಳಗಿಳಿಯಿತು, ನೀರಿನಲ್ಲಿ ಇಳಿದ ಹಾಗೆ. ಹಿಂದಿನ ಲಾರಿಯವರು ಹಾರ್ನ್ ಹೊಡೆಯತೊಡಗಿದರು. ಹೊಡೆದು ಹೊಡೆದು ಇವರ ಅಂಗಿ ಒದ್ದೆಯಾಯಿತು. ಆಗ ನೋಡಿದೆ, ಬಲಗೈ ಶುರುವಾಗಿತ್ತು. ಗುಳಿಗೆಯ ಬಲ ಇಳಿದಿತ್ತು. ಮುಂದಿನ ಗುಳಿಗೆಯನ್ನು ಊಟದ ಜೊತೆಗೆ ತೆಗೆದುಕೊಳ್ಳಬೇಕು, ಊಟ ಸಂಡೂರಿನಲ್ಲಿತ್ತು. ಚೀಲದಲ್ಲಿದ್ದ ಬಾಳೆಹಣ್ಣು ತಿನ್ನಿಸಿ ಗುಳಿಗೆ ಕೊಟ್ಟೆ. ಅದು ಏರಲು ಹೊತ್ತು ಬೇಕು.

“ಪ್ಲಗ್ ಬಿಚ್ಚು,” ಎಂದರು. ಸ್ಪ್ಯಾನರು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಎರಡೂ ಪ್ಲಗ್ ಬಿಚ್ಚಿದೆ, ಸೆರಗಿನಿಂದ ಹಿಡಿದು, ಬೆರಳು ಸುಟ್ಟುಕೊಂಡು. “ಎರಡೂ ತೂತಿನ್ಯಾಗ ಒಂದೀಟು ಎಣ್ಣಿ ಬಿಡು. ಈಗ ಹಾಕಿ ಕಿಕ್ ಹೊಡಿ. ಎಡಗಡೆ ಲಿವರ್ ಹಿಂದಕ ಐತಾ ನೋಡ್ಕೊ, ಒದ್ದೀತು.”

ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ಲಾರಿಯವರೆಲ್ಲರ ಮುಂದೆ ನಾನು ಕಿಕ್ ಹೊಡೆದೆ. ಎಂಜಿನ್ನು ಎದ್ದಿತು. ನೀಲಿ ಹೊಗೆ ನಮ್ಮಿಬ್ಬರನ್ನೂ ಮುಚ್ಚಿತು. ಯಾರೋ ಲಾರಿಯ ಮೇಲಿನಿಂದ ಸಿಳ್ಳೆ ಹಾಕಿದರು. ಒಂದು ನಿಮಿಷವೂ ಆಗಿರಲಿಲ್ಲ, ಸುರಿದ ಎಣ್ಣೆ ಸುಟ್ಟುಹೋಗಿ ಎಂಜಿನ್ನು ಸತ್ತಿತು.

ನನಗೆ ಮತ್ತೊಮ್ಮೆ ಮಾಡೋಣ ಎನಿಸಿತು. ಇವರು ತಲೆಯಲ್ಲಾಡಿಸಿದರು. “ಎಣ್ಣಿ ಇರೋ ತನಕ ಒತ್ತು ಬಂತು, ಆಮ್ಯಾಲೆ ಹೋತು. ಅಂದ್ರ ಸಿಲಿಂಡರ್ ಸವದಾವ. ಎರಡೂ.” ಇಷ್ಟು ಹೇಳಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು.

ನಮ್ಮ ಮುಂದಿದ್ದ ಖಾಲಿ ಲಾರಿಯ ಡ್ರೈವರು ಇಳಿದು ಬಂದ. ತೆಲುಗು ಬೆರೆತ ಮಾತಿನ, ದಪ್ಪ ಮೀಸೆಯ ಮನುಷ್ಯ. “ಇವತ್ತು ಲೋಡ್ ಸಿಗಂಗಿಲ್ಲಮ್ಮಾ. ಸ್ವಲ್ಪ ಮುಂದ ಐತಲ್ಲ, ಆ ಬಯಲಿನ್ಯಾಗ ತಿರುವಿಕೊಂಡು ನಾ ಹೊಸಪೇಟೆಗೆ ವಾಪಸ್ ಹೊಂಟೀನಿ. ಗಾಡಿ ಹಾಕ್ಕೊಂಡು ಹೋಗ್ತೀನಿ ಬರ್ರಿ,” ಎಂದ. ಹಾರ್ನ್ ಹೊಡೆಯುತ್ತಿದ್ದವರೇ ಇಳಿದು ಬಂದರು. ಹಲಗೆ ಯಾರ ಬಳಿಯೂ ಇರಲಿಲ್ಲ. ಚಕ್ರ ಹಿಡಿದು, ಚೌಕಟ್ಟು ಹಿಡಿದು, ತೊಟ್ಟಿಲಿನ ಅಂಚು ಹಿಡಿದು, ಕೆಂಪು ಮುಖದ ಅಷ್ಟೂ ಜನ ಕೂಗು ಹಾಕುತ್ತಾ ಗಾಡಿಯನ್ನು ಎತ್ತಿದರು. ಇವರು ಸಹಾಯಕ್ಕೆಂದು ಎದ್ದು ಕೈ ಚಾಚಿದರು. ಒಬ್ಬ, “ನೀವು ಸರೀರಿ ಯಜಮಾನ್ರೇ, ಕಾಲ್ಮ್ಯಾಗ ಬಿದ್ದೀತು,” ಎಂದು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿದ. ಅಲ್ಲೇ ನಿಂತರು.

ಕ್ಯಾಬಿನ್ನಿನಲ್ಲಿ ಡ್ರೈವರು ಕೊನೆಗೆ ತಡೆಯಲಾರದೆ ಕೇಳಿದ: “ಆವರೇಜ್ ಎಷ್ಟು ಕೊಡ್ತೈತಿ ಸಾರ್?” ಇವರು ಉತ್ತರ ಹೇಳಿದರು. “ಪರವಾಗಿಲ್ಲ,” ಎಂದ ಆತ. ನನಗೆ ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ. ಹೊಸಪೇಟೆಯ ಎಸ್‌ಟಿಡಿ ಬೂತಿನಿಂದ ಸಂಡೂರಿಗೆ ಫೋನ್ ಮಾಡಿದೆ. ಅಕ್ಕ ಹೋಳಿಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. “ಸದ್ದು ಕೇಳ್ತೈತೇನೋ ಅಂತ ಹೊರಗ ಒಳಗ ಮಾಡ್ಲಿಕತ್ತೀನಿ,” ಎಂದಳು. ಮರುವಾರ ಆಕೆಯೇ ಬಸ್ಸು ಹತ್ತಿ ಕಂಪ್ಲಿಗೆ ಬಂದಳು.

ಸವೆದ ಸಿಲಿಂಡರನ್ನು ಲೇತಿನಲ್ಲಿ ಕೊರೆದು ಒಳಗೆ ಹೊಸ ಕೊಳವೆ ಕೂಡಿಸಬಹುದು. ಮಿಲ್ಲಿನ ಹಳೆಯ ಡೀಸೆಲ್ ಎಂಜಿನ್ನಿಗೆ ಹಾಗೆ ಮಾಡಿಕೊಟ್ಟ ಲೇತ್ ಅಂಗಡಿಯವರು ಹೊಸಪೇಟೆಯಲ್ಲಿದ್ದರು. ಎರಡೂ ಸಿಲಿಂಡರನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಒಯ್ದೆವು. ಅಂಗಡಿಯ ತುಂಬ ಅದಿರು ಪುಡಿ ಮಾಡುವ ಕ್ರಷರ್ ಯಂತ್ರಗಳ ದವಡೆ, ಲಾರಿಯ ಡ್ರಮ್ಮು. ಮಾಲೀಕರು ಇವರ ಕೈ ನೋಡಿದರು, ಏನೂ ಕೇಳಲಿಲ್ಲ. “ಇಟ್ಟು ಹೋಗ್ರಿ ಅಣ್ಣಾರೇ. ಮೈನ್ಸ್ ಕೆಲಸ ಉಸಿರಾಡಾಕ ಬಿಡವಲ್ದು. ಸ್ವಲ್ಪ ಪುರಸೊತ್ತು ಸಿಕ್ಕಿತು ಅಂದ್ರ ನಾನ ಕೂತು ಮಾಡ್ತೀನಿ.”

ಪುರಸೊತ್ತು ಸಿಗಲಿಲ್ಲ. ಹೋದಾಗಲೆಲ್ಲ ಆ ಗೋಣಿಚೀಲ ಮೂಲೆಯಲ್ಲಿ ಅಲ್ಲೇ ಇರುತ್ತಿತ್ತು, ಅದರ ಮೇಲೆ ಲೋಹದ ಸುರುಳಿಗಳು ಬೀಳುತ್ತಿದ್ದವು. ವಾಪಸ್ ತರೋಣವೇ ಎಂದರೆ, ತಂದು ಯಾರಿಗೆ ಕೊಡುವುದು? ಎಲ್ಲ ಲೇತುಗಳೂ ಅದೇ ಕೆಲಸದಲ್ಲಿದ್ದವು. ಆಮೇಲೆ ಇವರು ಒಂದು ಸಲ ಬಚ್ಚಲಲ್ಲಿ ಬಿದ್ದರು, ಕೆಲವು ತಿಂಗಳು ನಾವು ಹೊಸಪೇಟೆಯ ಕಡೆ ಹೋಗಲಾಗಲಿಲ್ಲ. ಹೋದಾಗ ಆ ಜಾಗದಲ್ಲಿ ಅಂಗಡಿ ಇರಲಿಲ್ಲ. ಲಾಡ್ಜು ಕಟ್ಟಲು ಪಾಯ ತೆಗೆದಿದ್ದರು.

ವಿಚಾರಿಸಿಕೊಂಡು ತೋರಣಗಲ್ಲಿಗೆ ಹೋದೆವು. ಮಾಲೀಕರು ಅಲ್ಲಿ ದೊಡ್ಡ ಶೆಡ್ಡು ಹಾಕಿದ್ದರು. ನಮ್ಮನ್ನು ನೋಡಿದ ಕೂಡಲೇ ಅವರ ಮುಖ ಇಳಿಯಿತು. “ಸಾಮಾನು ಸಾಗಿಸೋ ಮುಂದ ನಾನು ಊರಾಗಿರಲಿಲ್ಲ ಅಕ್ಕಾರೇ. ಹುಡುಗ್ರು ಉಳಿದಿದ್ದೆಲ್ಲ ಗುಜರಿಗೆ ಹಾಕ್ಯಾರ. ನಾ ಏನ್ ಹೇಳ್ಲಿ,” ಎಂದು ಕೈ ಮುಗಿದರು. ಅವರನ್ನು ಬೈಯಲೂ ಆಗಲಿಲ್ಲ. ಅವರೇ ನಮ್ಮನ್ನು ಜೀಪಿನಲ್ಲಿ ಗುಜರಿಯವನ ಅಂಗಳಕ್ಕೆ ಕರೆದುಕೊಂಡು ಹೋದರು.

ಆ ಅಂಗಳ ಒಂದು ಕೆರೆಯಂಗಳದಷ್ಟು ದೊಡ್ಡದು. ಲಾರಿಯ ಪಟ್ಟಾ, ಮುರಿದ ಸಲಾಕೆ, ತುಕ್ಕು ಹಿಡಿದ ಡ್ರಮ್ಮು, ಎಲ್ಲ ಗುಡ್ಡೆಗುಡ್ಡೆ. ಎದುರಿಗೆ ಕಾರ್ಖಾನೆಯ ಚಿಮಣಿ. ಮುಂಚಿನ ಮಾಲು ಬಹುಪಾಲು ಕುಲುಮೆಗೆ ಹೋಗಿಯಾಗಿದೆ ಎಂದ ಗುಜರಿಯವನು. ಇವರು ಕೋಲು ಊರಿಕೊಂಡು ಗುಡ್ಡೆಗಳ ನಡುವೆ ಹೆಜ್ಜೆ ಹಾಕಿದರು. ಬಗ್ಗಲಾಗುತ್ತಿರಲಿಲ್ಲ, ಕೋಲಿನಿಂದ ತೋರಿಸುತ್ತಿದ್ದರು, ನಾನು ಬಗ್ಗಿ ಸರಿಸಿ ನೋಡುತ್ತಿದ್ದೆ. ಬಿಸಿಲಿಗೆ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಮೂರನೆಯ ಗುಡ್ಡೆಯಲ್ಲಿ, ಒಂದು ಟಿಪ್ಪರಿನ ಬಾಗಿಲ ಕೆಳಗೆ, ಅಡ್ಡಗೆರೆ ಕೊರೆದಂಥ ಆ ಮೈ ಕಾಣಿಸಿತು. ಎಳೆದೆ. ಮುಂದಿನ ಸಿಲಿಂಡರು. ಲೇತಿಗೆ ಹಾಕಿರಲಿಲ್ಲ, ಒಡೆದಿರಲೂ ಇಲ್ಲ. ಇವರು ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡರು, ಅಂಗಿಯೆಲ್ಲ ತುಕ್ಕು. ಹಿಂದಿನದನ್ನು ಸಂಜೆಯ ತನಕ ಹುಡುಕಿದೆವು. ಮರುದಿನವೂ ಬಂದು ಹುಡುಕಿದೆವು. ಸಿಗಲಿಲ್ಲ.

ಅದನ್ನಿಟ್ಟುಕೊಂಡು ಏನು ಮಾಡುವುದು ಎಂದು ನಾನು ಕೇಳಲಿಲ್ಲ. ಇವರೇ ಹೇಳಿದರು: “ಹಿಂದಿನ ಬಾಯಿಗೆ ಒಂದು ಪ್ಲೇಟ್ ಬಡದು ಮುಚ್ಚಿದ್ರಾತು. ಒಂದರ ಮ್ಯಾಲೆ ಕುಂಟಿಕೊಂತ ಓಡ್ತೈತಿ. ಓಡಿಸೋದು ಬ್ಯಾಡ. ಒಂದ್ಸಲ ಸದ್ದು ಮಾಡಿದ್ರ ಸಾಕು.”

ಹೀಗೆ ನಾನು ಗಾಡಿ ಕೂಡಿಸಲು ಕೂತೆ. ಮಾತು ಅವರದು, ಕೈ ನನ್ನದು. ಶಾಲೆಯಿಂದ ಬಂದು ಚಹಾ ಕುಡಿದು ಶೆಡ್ಡಿಗೆ ಹೋಗುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು. ಹಿಂದಿನ ಪಿಸ್ಟನ್ನನ್ನು ಅದರ ರಾಡಿನ ಸಮೇತ ಹೊರಗೆ ತೆಗೆಯಲು ಎಂಜಿನ್ನನ್ನು ಪೂರ್ತಿ ಸೀಳಬೇಕಾಯಿತು. ಯಾವ ನಟ್ಟು ಉಲ್ಟಾ ತಿರುಗುತ್ತದೆ, ರಿಂಗಿನ ಬಾಯಿ ಯಾವ ಕಡೆಗಿರಬೇಕು, ವಾಲ್ವಿನ ಸ್ಪ್ರಿಂಗನ್ನು ಚಮಚದ ಹಿಡಿಯಿಂದ ಹೇಗೆ ಎತ್ತಬೇಕು, ಒಂದೊಂದೂ ಹೇಳಿಕೊಟ್ಟರು. ತಪ್ಪಿದರೆ ಗದರುತ್ತಿದ್ದರು. ಅವು ಕೆಟ್ಟ ದಿನಗಳಾಗಿರಲಿಲ್ಲ.

ಆದರೆ ಕೆಲಸ ಮುಂದೆ ಹೋದಷ್ಟೂ ಅವರ ದನಿ ಸಣ್ಣಗಾಗುತ್ತಾ ಬಂತು. ಈ ಕಾಯಿಲೆ ಗಂಟಲಿಗೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೊದಮೊದಲು ನಾನು ಮಿಲ್ಲಿನ ಸದ್ದಿಗೆ ಕೇಳಿಸುತ್ತಿಲ್ಲ ಎಂದುಕೊಂಡೆ. ಮಿಲ್ಲು ನಿಂತ ಮೇಲೂ ಕೇಳಿಸಲಿಲ್ಲ. ಕುರ್ಚಿಯನ್ನು ಗಾಡಿಯ ಹತ್ತಿರಕ್ಕೆ ಎಳೆದೆ. ಆಮೇಲೆ ಕಿವಿಯನ್ನು ಅವರ ಬಾಯಿಗೆ ಹಿಡಿಯಬೇಕಾಯಿತು.

ಕೊನೆಗೆ ಉಳಿದದ್ದು ಮ್ಯಾಗ್ನೆಟೊವನ್ನು ಕೂಡಿಸುವುದು. ಪಿಸ್ಟನ್ನು ಎಲ್ಲಿದ್ದಾಗ ಕಿಡಿ ಹಾರಬೇಕು ಎಂಬುದನ್ನು ಹೊಂದಿಸಿ ಅದರ ಹಲ್ಲುಚಕ್ರವನ್ನು ಬಿಗಿಯಬೇಕು. ನನಗೆ ತತ್ವ ಗೊತ್ತಿತ್ತು. ಆದರೆ ಎರಡು ಸಿಲಿಂಡರಿನ ಮ್ಯಾಗ್ನೆಟೊದಲ್ಲಿ ಪಾಯಿಂಟನ್ನು ಎತ್ತುವ ಎರಡು ಉಬ್ಬುಗಳಿದ್ದವು, ಒಂದರಿಂದ ಒಂದಕ್ಕೆ ದೂರ ಸಮ ಇರಲಿಲ್ಲ. ಯಾವುದು ಮುಂದಿನ ಸಿಲಿಂಡರಿನದು? ಕಿಡಿಯ ಲಿವರನ್ನು ಯಾವ ತುದಿಗೆ ಇಟ್ಟು ಹೊಂದಿಸಬೇಕು? ಒಂದು ರೀತಿ ಕೂಡಿಸಿ ಕಿಕ್ ಹೊಡೆದೆ, ಕಾರ್ಬೊರೇಟರಿನ ಬಾಯಿಂದ ಬೆಂಕಿ ಸೀನಿತು. ಇನ್ನೊಂದು ರೀತಿ ಕೂಡಿಸಿದೆ, ಸುಮ್ಮನಿತ್ತು. ಹೊಂದಾಣಿಕೆ ತಪ್ಪೋ, ಸವೆದ ಸಿಲಿಂಡರಿಗೆ ಒತ್ತೇ ಬರುತ್ತಿಲ್ಲವೋ, ತಿಳಿಯುವ ದಾರಿ ನನಗಿರಲಿಲ್ಲ.

“ಯಾವ ಉಬ್ಬು ರೀ? ಎಡಕ್ಕಿರೋದಾ, ಬಲಕ್ಕಿರೋದಾ?”

ಅವರು ಹೇಳಿದರು. ತುಟಿ ಅಲುಗಿತು, ಉದ್ದವಾಗಿಯೇ ಹೇಳಿದರು, ಕೈಯಿಂದ ಗಾಳಿಯಲ್ಲಿ ಏನನ್ನೋ ತಿರುಗಿಸಿ ತೋರಿಸಿದರು. ಆ ಕೈ ತೋರಿಸಿದ್ದು ಯಾವುದು, ನಡುಗಿದ್ದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಕಿವಿಗೆ ಬಿದ್ದದ್ದು “ಲಿವರ್” ಎಂಬ ಒಂದು ಮಾತು.

“ಕೇಳಸಲಿಲ್ಲ ರೀ. ಇನ್ನೊಮ್ಮೆ.”

ಸಿಟ್ಟಾಗಲಿಲ್ಲ. ಮೊದಲಿಂದ ಶುರು ಮಾಡಿ, ಮಕ್ಕಳಿಗೆ ಹೇಳುವ ಹಾಗೆ ತಡೆದು ತಡೆದು ಮತ್ತೆ ಹೇಳಿದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಉಸಿರಾಟದ ಸದ್ದು ಮಾತ್ರ ಬಂತು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಬಾಯಿ ಮುಚ್ಚಿದರು. ಬರೆದು ತೋರಿಸಿ ಎನ್ನುವಂತೆಯೂ ಇರಲಿಲ್ಲ. ಅಕ್ಷರಗಳು ಆಗಲೇ ಸಾಸಿವೆಯಷ್ಟು ಸಣ್ಣಗಾಗಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತಿದ್ದವು.

ಆ ಗಾಡಿ ಮತ್ತೆ ಸದ್ದು ಮಾಡಲಿಲ್ಲ. ಇವರು ಅದಾದ ಎರಡನೆಯ ಬೇಸಿಗೆಯಲ್ಲಿ ಹೋದರು. ಅಷ್ಟರಲ್ಲಿ ಮೈನ್ಸೂ ನಿಂತಿತ್ತು, ಸಂಡೂರಿನ ರಸ್ತೆ ಖಾಲಿಯಾಗಿತ್ತು. ಮ್ಯಾಗ್ನೆಟೊ ನಾನು ಕೊನೆಯ ಸಲ ಕೂಡಿಸಿದ ಹಾಗೇ ಇದೆ, ಸರಿಯೋ ತಪ್ಪೋ ಗೊತ್ತಿಲ್ಲದೆ.

ಅವರ ಮಾತು ಕೇಳಿಸದೆ ಹೋದ ಆ ಸಂಜೆ ನಾನು ಸ್ಪ್ಯಾನರು ಕೆಳಗಿಟ್ಟೆ. ನನ್ನ ಕೈ ಮೊಣಕೈ ತನಕ ಕಪ್ಪಾಗಿತ್ತು. ಅವರು ಸೀಮೆಎಣ್ಣೆಯ ಡಬ್ಬಿಯ ಕಡೆ ಗಲ್ಲ ಎತ್ತಿ ತೋರಿಸಿದರು. ತಂದುಕೊಟ್ಟೆ. ಬಟ್ಟೆಯ ತುಂಡನ್ನು ಅದ್ದಿ, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದರು. ಬಟ್ಟೆ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಉಗುರಿನ ಸಂದಿಯ ಕಪ್ಪು ಹೋಗಲೇ ಇಲ್ಲ. ನಾನು ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿದ್ದರೆ ಐದು ನಿಮಿಷದ ಕೆಲಸ. ಕೈ ಕೊಟ್ಟು ಕೂತೇ ಇದ್ದೆ.